ಅತ್ತೆ ಕಾದಂಬರಿಯನ್ನೇ ನುಂಗುತ್ತಿದ್ದಾಳೆ, ಏನು ಮಾಡಲಿ?

ಚಿತ್ರದುರ್ಗದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ. ಪತ್ರ ಉದ್ದ ಇತ್ತು, ಮುಖ್ಯವಾದಷ್ಟು ಇಲ್ಲಿದೆ.

"ಸರ್, ನಾನು ಹೈಸ್ಕೂಲ್ ಟೀಚರ್. ಮೂರು ವರ್ಷದಿಂದ ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಸುಮತಿ ಗಂಡನ ಮನೆ ಬಿಟ್ಟು ದುರ್ಗಕ್ಕೆ ವಾಪಸ್ ಬರುವವಳು. ಅವಳ ಸೋದರತ್ತೆ ಗಿರಿಜತ್ತೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಾಳೆ. ಎರಡು ಅಧ್ಯಾಯಕ್ಕೆ ಅಂತ ತಂದವಳು ಈಗ 210 ಪುಟದಲ್ಲಿ 90 ಪುಟ ತುಂಬಿಕೊಂಡಿದ್ದಾಳೆ. ಓದಿದವರೆಲ್ಲ ಅತ್ತೆ ಚೆನ್ನಾಗಿದ್ದಾಳೆ, ಸುಮತಿ ಮಾತ್ರ ಗೊಂಬೆ ಥರ ಇದ್ದಾಳೆ ಅಂತಾರೆ. ಲೇಖಕನಿಗೆ ಮೆಚ್ಚಿನ ಪಾತ್ರ ಅಂತ ಇರಬಾರದು, ಅತ್ತೆಯನ್ನು ಕತ್ತರಿಸಿ ಅಂತ ಒಬ್ಬರು ಹೇಳಿದರು. ಇನ್ನೊಂದು ಕಷ್ಟ. ಅತ್ತೆಯ ಮಗ ಭಟ್ಟಿ ಜಾಗ ಮಾರಿಬಿಡುವ ಅಧ್ಯಾಯ ಬರೆಯಬೇಕು. ಎಂಟು ತಿಂಗಳಾಯ್ತು, ಕೈ ಓಡುತ್ತಿಲ್ಲ. ಅವಳಿಗೆ ನೋವು ಕೊಡಲು ಮನಸ್ಸೇ ಬರುವುದಿಲ್ಲ. ಅವಳು ನನ್ನ ಸ್ವಂತ ಅತ್ತೆಯನ್ನು ನೋಡಿ ಬರೆದ ಪಾತ್ರ, ಹೆಸರೂ ಅದೇ. ಅವರು ಓದಿದರೆ ಏನಾಗುತ್ತೋ ಅನ್ನುವ ಭಯವೂ ಇದೆ."

ಜೊತೆಗೆ ಮೂರು ಅಧ್ಯಾಯ ಕಳಿಸಿದ್ದರು. ಎರಡು, ಐದು, ಹನ್ನೊಂದು. ಮೂರನ್ನೂ ಎರಡೆರಡು ಸಲ ಓದಿದೆ.

ಮೇಡಂ, ನಿಮ್ಮ ಚಿಂತೆ ನಾಲ್ಕು ಥರ ಕಾಣುತ್ತದೆ. ಅತ್ತೆ ಜಾಸ್ತಿಯಾದಳು, ಸುಮತಿ ಸಪ್ಪೆಯಾದಳು, ಅತ್ತೆಗೆ ನೋವು ಕೊಡಲು ಆಗುತ್ತಿಲ್ಲ, ನಿಜವಾದ ಅತ್ತೆಯ ಭಯ. ಇದರಲ್ಲಿ ಮೊದಲ ಮೂರು ಒಂದೇ ಕಾಯಿಲೆ. ನಾಲ್ಕನೆಯದು ಬೇರೆ, ಅದನ್ನು ಕೊನೆಗೆ ನೋಡೋಣ.

ಮೊದಲು ಆ ಮೆಚ್ಚಿನ ಪಾತ್ರದ ಮಾತು. ಲೇಖಕ ತಾಯಿ ಇದ್ದ ಹಾಗೆ, ಪಕ್ಷಪಾತ ಮಾಡಬಾರದು ಅಂತ ಹೇಳುವವರು ಯಾವ ತಾಯಿಯನ್ನು ನೋಡಿ ಹೇಳುತ್ತಾರೋ ಗೊತ್ತಿಲ್ಲ. ನಾಲ್ಕು ಮಕ್ಕಳಿರುವ ಮನೆಯಲ್ಲಿ ಅವ್ವನಿಗೆ ಯಾರ ಮೇಲೆ ಜೀವ ಜಾಸ್ತಿ ಅಂತ ನಾಲ್ಕೂ ಮಕ್ಕಳಿಗೆ ಗೊತ್ತಿರುತ್ತದೆ, ಅವ್ವ ಮಾತ್ರ ಒಪ್ಪುವುದಿಲ್ಲ. ಬರೆಯುವವರೂ ಹಾಗೆಯೇ. ನನಗೆ ಇಷ್ಟವಾದ ಪಾತ್ರಗಳು ಯಾವುವು ಅಂತ ಕೇಳಿದರೆ ಹೇಳಿಬಿಡುತ್ತೇನೆ: ತಮ್ಮ ಸುಳ್ಳನ್ನು ತಾವೇ ನಂಬುವ ಗಂಡಸರು, ದುಡ್ಡು ಎಣಿಸುವ ಮುದುಕಿಯರು, ಚಿಲ್ಲರೆ ವಾಪಸ್ ಕೊಡದ ಕಂಡಕ್ಟರ್‌ಗಳು. ಒಳ್ಳೆಯವರನ್ನು ಬರೆಯುವುದು ನನಗೆ ಕಷ್ಟ. ಮೆಚ್ಚಿನ ಪಾತ್ರ ಇದ್ದರೆ ತಪ್ಪಿಲ್ಲ. ಆದರೆ ಅದಕ್ಕೆ ಮಳೆ ಬಿಸಿಲು ತಾಗದ ಹಾಗೆ ಸದಾ ಕೊಡೆ ಹಿಡಿದುಕೊಂಡು ಹಿಂದೆ ತಿರುಗಿದರೆ ಪಾತ್ರ ಬಾಡುತ್ತದೆ.

ಲೇಖಕರಿಗೆ ಇಷ್ಟವಾದದ್ದೇ ಓದುಗರಿಗೂ ಇಷ್ಟವಾಗಬೇಕು ಅಂತಲೂ ಇಲ್ಲ. ತಾವೇ ಸೃಷ್ಟಿಸಿದ ಪತ್ತೇದಾರ ಷರ್ಲಾಕ್ ಹೋಮ್ಸ್ ಸಾಕಾಗಿ ಕಾನನ್ ಡಾಯ್ಲ್ 1893ರಲ್ಲಿ ಅವನನ್ನು ಜಲಪಾತದ ಹತ್ತಿರ ಮುಗಿಸಿದರು. ಓದುಗರು ಬಿಡಲಿಲ್ಲ. ಹತ್ತು ವರ್ಷದ ನಂತರ, 1903ರಲ್ಲಿ, ಅವನು ಸತ್ತೇ ಇರಲಿಲ್ಲ ಅಂತ ಬರೆದು ವಾಪಸ್ ತರಬೇಕಾಯಿತು. ನಿಮ್ಮ ಪುಣ್ಯ, ನಿಮಗೂ ಅತ್ತೆ ಇಷ್ಟ, ಓದಿದವರಿಗೂ ಇಷ್ಟ.

ಇನ್ನೊಂದು ಮಾತು ನಿಮ್ಮ ಪತ್ರದಲ್ಲೇ ಇತ್ತು, ಮೇಲೆ ಹಾಕಿಲ್ಲ. "ಅತ್ತೆ ತಾನಾಗೇ ಮಾತಾಡುತ್ತಾಳೆ, ನಾನು ಬರೆದುಕೊಳ್ಳುತ್ತೇನೆ ಅಷ್ಟೇ" ಅಂದಿದ್ದೀರಿ. ಇದು ನಿಮಗೊಬ್ಬರಿಗೇ ಆಗುವುದಲ್ಲ. ಎಡಿನ್‌ಬರಾ ಪುಸ್ತಕೋತ್ಸವಕ್ಕೆ ಬಂದಿದ್ದ 181 ಲೇಖಕರನ್ನು ಸಂಶೋಧಕರು ಕೇಳಿದಾಗ ಶೇಕಡಾ 63 ಜನ ತಮಗೆ ಪಾತ್ರಗಳ ದನಿ ಕೇಳಿಸುತ್ತದೆ ಅಂದಿದ್ದರು. ಆದರೆ ಇದರಲ್ಲಿ ಮೈಮೇಲೆ ದೇವರು ಬಂದ ಹಾಗೇನೂ ಇಲ್ಲ. ಊರಿಂದ ಅವ್ವನ ಫೋನ್ ಬಂದರೆ ಎತ್ತುವ ಮೊದಲೇ ಏನು ಕೇಳುತ್ತಾಳೆ ಅಂತ ಗೊತ್ತಿರುತ್ತದೆ ಅಲ್ವಾ? ನಲವತ್ತು ವರ್ಷ ಕೇಳಿದ ದನಿ ಅದು. ಗಿರಿಜತ್ತೆಯ ದನಿಯನ್ನೂ ನೀವು ಚಿಕ್ಕಂದಿನಿಂದ ಕೇಳಿದ್ದೀರಿ, ಅದಕ್ಕೇ ಉತ್ತರ ತಾನಾಗಿ ಬರುತ್ತದೆ. ಸುಮತಿಯ ದನಿ ಬರುವುದಿಲ್ಲ, ಯಾಕೆಂದರೆ ಅವಳ ಮಾತನ್ನು ನೀವು ಒಂದು ಸಲವೂ ಕಿವಿಗೊಟ್ಟು ಕೇಳಿಲ್ಲ, ಅವಳ ಬಾಯಲ್ಲಿ ನೀವೇ ಮಾತಾಡಿದ್ದೀರಿ.

ಐದನೇ ಅಧ್ಯಾಯದ ಆ ಜಾಗ ನೋಡಿ. ಹುಡುಗ 20 ರೂಪಾಯಿ ಹಿಡಿದುಕೊಂಡು ಮಂಡಕ್ಕಿಗೆ ಬರುತ್ತಾನೆ. ಅತ್ತೆ ಅಳೆದು ಹಾಕುತ್ತಾಳೆ. ಹುಡುಗನ ಮುಖ ನೋಡಿ ಮೇಲೊಂದು ಹಿಡಿ ಹಾಕುತ್ತಾಳೆ. ಆಮೇಲೆ ಅದರಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳುತ್ತಾಳೆ. ನನಗೆ ಅಲ್ಲೇ ಅತ್ತೆ ಸಿಕ್ಕಿಬಿಟ್ಟಳು. ಕರುಣೆಯೂ ಇದೆ, ಲೆಕ್ಕವೂ ಇದೆ, ಎರಡೂ ಒಂದೇ ಕೈಯಲ್ಲಿದೆ. ಅವಳು ಜಿಪುಣಿ ಅಂತಾಗಲಿ, ಒಳ್ಳೆಯವಳು ಅಂತಾಗಲಿ ನೀವು ಒಂದು ಪದವೂ ಬರೆದಿಲ್ಲ. ಕಾದ ಮರಳಿನ ಬಿಸಿಗೆ ಮುಂಗೈ ಕೂದಲು ಸುಟ್ಟು ನುಣ್ಣಗಾಗಿರುವುದನ್ನು ಬರೆದಿದ್ದೀರಿ. ನಾನೂ ದಾವಣಗೆರೆಯವನೇ, ಭಟ್ಟಿ ಕಡೆ ಓಡಾಡಿದ್ದೇನೆ, ಅದು ನೋಡಿದವರು ಮಾತ್ರ ಬರೆಯುವಂಥ ಸಾಲು.

ಈಗ ಎರಡನೇ ಅಧ್ಯಾಯ. ಸುಮತಿ ಕಿಟಕಿ ಹತ್ತಿರ ನಿಂತು ಮಳೆ ನೋಡುತ್ತಾಳೆ. ನಾಲ್ಕು ಪುಟ ಬಿಟ್ಟು ಮತ್ತೆ ನಿಂತು ಮತ್ತೆ ಮಳೆ ನೋಡುತ್ತಾಳೆ. ಹನ್ನೊಂದರಲ್ಲೂ ಒಂದು ಮಳೆ ಇದೆ. ಚಿತ್ರದುರ್ಗದಲ್ಲಿ ಇಷ್ಟು ಮಳೆ ಎಲ್ಲಿಂದ ತಂದಿರಿ ಮೇಡಂ? ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬೀಳಲು 2022 ಬರಬೇಕಾಯಿತು. ಹಿರಿಯೂರಿನವರು ಯಾರಾದರೂ ಓದಿದರೆ ನಗುತ್ತಾರೆ. ಇದು ತಮಾಷೆಗೆ ಹೇಳಿದ್ದಲ್ಲ. ಆ ಮಳೆ ನಿಮ್ಮ ಊರಿನದ್ದಲ್ಲ, ನೀವು ಓದಿದ ಕಾದಂಬರಿಗಳಿಂದ ಬಂದದ್ದು. ಸುಮತಿಯೂ ಅಲ್ಲಿಂದಲೇ ಬಂದವಳು. ಅವಳಿಗೆ ಕೈಯಲ್ಲಿ ಕೆಲಸ ಇಲ್ಲ, ಸಾಲ ಇಲ್ಲ, ಹಸಿವು ಇಲ್ಲ, ಯಾರ ಮೇಲೂ ಹೊಟ್ಟೆಕಿಚ್ಚು ಇಲ್ಲ. ಎಲ್ಲರೂ ಅವಳಿಗೆ ತಪ್ಪು ಮಾಡಿದ್ದಾರೆ, ಅವಳು ಯಾರಿಗೂ ಮಾಡಿಲ್ಲ.

ಹೊಸಬರ ಹಸ್ತಪ್ರತಿಗಳಲ್ಲಿ ನಾನು ಅತಿ ಹೆಚ್ಚು ನೋಡಿದ ತೊಂದರೆ ಇದೇ. ನಾಯಕ ನಾಯಕಿ ಅಂದರೆ ಬಹಳ ಸಲ ಬರೆಯುವವರೇ, ಸ್ವಲ್ಪ ಪೌಡರ್ ಹಚ್ಚಿಕೊಂಡು ಬಂದಿರುತ್ತಾರೆ. ಪಕ್ಕದ ಪಾತ್ರಗಳಿಗೆ ಆ ಭಾರ ಇಲ್ಲ. ಕಥೆ ಎಳೆಯುವ ಕೆಲಸ ಅವರದಲ್ಲ, ಓದುಗರ ಮೆಚ್ಚುಗೆ ಗಳಿಸುವ ಹಂಗೂ ಇಲ್ಲ. ಅದಕ್ಕೇ ಅವರನ್ನು ಬರೆಯುವಾಗ ಕೈ ಸಲೀಸಾಗಿ ಓಡುತ್ತದೆ. ಖಳರು, ಕುಡುಕರು, ಅತ್ತೆಯರು ಚೆನ್ನಾಗಿ ಬರುವುದಕ್ಕೆ ಬೇರೆ ಗುಟ್ಟೇನೂ ಇಲ್ಲ.

ನಿಮ್ಮ ಊರಿನದ್ದೇ ಒಂದು ಉದಾಹರಣೆ ಕೊಡುತ್ತೇನೆ. ಓಬವ್ವನ ಕಥೆ ಎಲ್ಲಿಂದ ಶುರುವಾಗುತ್ತದೆ ನೆನಪಿಸಿಕೊಳ್ಳಿ. ಕಾವಲು ಕಾಯುವ ಗಂಡ ಊಟಕ್ಕೆ ಬಂದಿದ್ದಾನೆ. ಮನೆಯಲ್ಲಿ ನೀರಿಲ್ಲ. ನೀರು ತರಲು ಹೋದವಳಿಗೆ ಕಿಂಡಿಯಲ್ಲಿ ನುಸುಳಿ ಬರುತ್ತಿರುವ ಹೈದರಾಲಿಯ ಸೈನಿಕರು ಕಾಣುತ್ತಾರೆ. ಕೈಗೆ ಸಿಕ್ಕಿದ್ದು ಒನಕೆ. ಊಟ ಮಾಡುತ್ತಿರುವ ಗಂಡನನ್ನು ಎಬ್ಬಿಸುವುದು ಬೇಡ ಅಂತ ತಾನೇ ನಿಂತಳು ಅಂತ ಜನ ಹೇಳುತ್ತಾರೆ. ಅವಳು ಹೇಗಿದ್ದಳು, ಏನು ಯೋಚಿಸುತ್ತಿದ್ದಳು, ಯಾವುದೂ ನಮಗೆ ಗೊತ್ತಿಲ್ಲ. ಊಟ, ನೀರು, ಒನಕೆ, ಕಿಂಡಿ. ಇಷ್ಟರಲ್ಲೇ ಅವಳು ಇನ್ನೂ ಬದುಕಿದ್ದಾಳೆ. ಸುಮತಿಯ ಕೈಗೆ ಏನು ಕೊಟ್ಟಿದ್ದೀರಿ?

ಹಾಗಂತ ಅತ್ತೆ ಪೂರ್ತಿ ಸರಿ ಇದ್ದಾಳೆ ಅಂದುಕೊಳ್ಳಬೇಡಿ. ಐದನೇ ಅಧ್ಯಾಯದ ಅತ್ತೆ ಹನ್ನೊಂದರಲ್ಲಿ ಇಲ್ಲ. ಅಲ್ಲಿ ಸುಮತಿಯ ಗಂಡ ಬರುತ್ತಾನೆ, ಅತ್ತೆ ನಾಲ್ಕು ಮಾತು ಬೈಯುತ್ತಾಳೆ, ಅವನು ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಅಷ್ಟೇನಾ? ಅಂಥ ಗಂಡಸು ಒಂದು ಬೈಗುಳಕ್ಕೆ ವಾಪಸ್ ಹೋಗುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ? "ಕಾಸಿಗೆ ತಕ್ಕ ಕಜ್ಜಾಯ" ಅಂತ ಆ ಒಂದೇ ಅಧ್ಯಾಯದಲ್ಲಿ ಆರು ಸಲ ಅಂದಿದ್ದಾಳೆ. ಮೊದಲ ಸಲ ನಕ್ಕೆ. ಆರನೇ ಸಲ ಅವಳು ಬಾಯಿ ತೆಗೆಯುವ ಮುಂಚೆಯೇ ನಾನು ಅಂದುಬಿಟ್ಟೆ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿ ಬಗ್ಗೆ ಮಾತಾಡುತ್ತಾ ಪಾತ್ರಗಳಲ್ಲಿ ಚಪ್ಪಟೆ, ದುಂಡು ಅಂತ ಎರಡು ಬಗೆ ಮಾಡಿದರು. ನಂಬುವ ಹಾಗೆ ನಮಗೆ ಅಚ್ಚರಿ ಕೊಟ್ಟರೆ ದುಂಡು, ಯಾವತ್ತೂ ಅಚ್ಚರಿ ಕೊಡದಿದ್ದರೆ ಚಪ್ಪಟೆ. ದುಂಡಗಿದ್ದ ಅತ್ತೆ ಹನ್ನೊಂದನೇ ಅಧ್ಯಾಯಕ್ಕೆ ಬರುವಾಗ ಚಪ್ಪಟೆಯಾಗಿದ್ದಾಳೆ. ನಡುವೆ ಏನಾಯಿತು? ಎಲ್ಲರೂ ಹೊಗಳಿದರು. ನಿಮಗೆ ಅವಳ ಮೇಲೆ ಪ್ರೀತಿ ಜಾಸ್ತಿಯಾಯಿತು. ಅವಳು ಸೋಲದ ಹಾಗೆ ನೋಡಿಕೊಳ್ಳಲು ಶುರು ಮಾಡಿದಿರಿ.

ಕಾಯಿಲೆ ಒಂದೇ ಅಂದದ್ದು ಇದಕ್ಕೆ. ಸುಮತಿಗೆ ಮೊದಲ ಪುಟದಿಂದ ಕಾವಲು, ಅತ್ತೆಗೆ ನಡುವಿನಿಂದ.

ನಾನೂ ಇದರಲ್ಲಿ ಬಿದ್ದು ಎದ್ದವನು. ನನ್ನ ಎರಡನೇ ಕಾದಂಬರಿಯಲ್ಲಿ ಒಬ್ಬ ಅಜ್ಜ ಇದ್ದ, ಇಲ್ಲಿನ ಕಾಟನ್ ಮಿಲ್‌ನಲ್ಲಿ ದುಡಿದು ಮಿಲ್ಲು ಮುಚ್ಚಿದ ಮೇಲೂ ಶಿಫ್ಟಿನ ಹೊತ್ತಿಗೆ ಸರಿಯಾಗಿ ಎದ್ದು ಕೂರುವವನು. ಅವನನ್ನು ಬರೆಯಲು ಕೂತರೆ ಊಟ ಮರೆಯುತ್ತಿದ್ದೆ. ಅವನು ಹೇಳಿದ್ದೆಲ್ಲ ಸರಿ, ಮಾಡಿದ್ದೆಲ್ಲ ಸರಿ. ಅಚ್ಚಾದ ಮೇಲೆ ಒಬ್ಬ ಓದುಗರು ಬೆಣ್ಣೆ ದೋಸೆ ಹೋಟೆಲಿನಲ್ಲಿ ಎದುರಿಗೆ ಸಿಕ್ಕಿ, "ಅಜ್ಜ ಚಲೋ ಅದಾನ್ರೀ, ಆದ್ರೆ ಅಂವ ಮನುಷ್ಯ ಅಲ್ಲ, ನಿಮ್ಮ ಭಾಷಣ" ಅಂದರು. ಅವರ ದೋಸೆ ಬಂತು, ತಿನ್ನತೊಡಗಿದರು. ನನ್ನ ದೋಸೆ ತಣ್ಣಗಾಯಿತು. ಆಮೇಲೆ ಗೊತ್ತಾಯಿತು, ಆ ಅಜ್ಜ ಮಿಲ್ಲಿನ ಮುಷ್ಕರದ ಹೊತ್ತಿನಲ್ಲಿ ಒಂದು ಸಲ ಗೆಳೆಯರಿಗೆ ಮೋಸ ಮಾಡಿರಬೇಕಿತ್ತು. ಅದು ನನಗೆ ಬರೆಯುವಾಗಲೇ ಹೊಳೆದಿತ್ತು. ಪ್ರೀತಿಗೆ ಬಿಟ್ಟುಬಿಟ್ಟೆ.

ಈಗ ನಿಮ್ಮ ಮುಂದೆ ಏನೇನು ದಾರಿ ಇದೆ ನೋಡೋಣ.

ಅತ್ತೆಯನ್ನು ಕತ್ತರಿಸಬಹುದು. ಸುಲಭ. ಉಳಿಯುವುದು ಸುಮತಿ ಮತ್ತು ಮಳೆ. ಬೇಡ.

ಅತ್ತೆಯನ್ನೇ ನಾಯಕಿ ಮಾಡಬಹುದು. ಇದು ಆಸೆ ಹುಟ್ಟಿಸುವ ದಾರಿ, ಆದರೆ ಇಲ್ಲಿ ಬಿದ್ದವರೇ ಜಾಸ್ತಿ. ನರ್ಗಿಸ್ ಮಂಡಕ್ಕಿ ಒಂದು ಪ್ಲೇಟ್ ರುಚಿ, ಅದನ್ನೇ ಬೆಳಿಗ್ಗೆ ಮಧ್ಯಾಹ್ನ ರಾತ್ರಿ ತಿನ್ನಲು ಆಗುತ್ತದಾ? ಪಕ್ಕದಿಂದ ನೋಡಿದಾಗ ಮಜಾ ಕೊಡುವ ಪಾತ್ರವನ್ನು 300 ಪುಟ ಒಳಗಿನಿಂದ ತೋರಿಸುವಾಗ ಅರ್ಧದಲ್ಲೇ ಬತ್ತಿಹೋಗಬಹುದು. ಮೊದಲು ಪರೀಕ್ಷೆ ಮಾಡಿ. ಅತ್ತೆ ಒಬ್ಬಳೇ ಇರುವ ಹತ್ತು ಪುಟ ಬರೆಯಿರಿ. ಬೈಯಲು ಎದುರಿಗೆ ಯಾರೂ ಇರಬಾರದು, ಗಾದೆ ಕೇಳಿಸಿಕೊಳ್ಳುವವರೂ ಇರಬಾರದು. ಬೆಳಗಿನ ಜಾವ, ಒಲೆ ಇನ್ನೂ ಹಚ್ಚಿಲ್ಲ, ಹೊಟ್ಟಿನ ಚೀಲದ ಮೇಲೆ ಕೂತಿದ್ದಾಳೆ. ಹತ್ತು ಪುಟ ನಿಂತರೆ ಅವಳು ಕಾದಂಬರಿ ಹೊರುತ್ತಾಳೆ. ಮೂರನೇ ಪುಟಕ್ಕೆ ಮುಗಿದರೆ ಅವಳ ಜಾಗ ಪಕ್ಕದಲ್ಲೇ.

ಅತ್ತೆಯನ್ನು ಎತ್ತಿ ಬೇರೆ ಸಣ್ಣಕಥೆಯಲ್ಲಿ ಕೂರಿಸಬಹುದು. ಐದನೇ ಅಧ್ಯಾಯ ಈಗಲೇ ಮುಕ್ಕಾಲು ಕಥೆ. ಆದರೆ ಹಾಗೆ ಮಾಡಿದರೆ ಈ ಕಾದಂಬರಿಯನ್ನು ಮತ್ತೆ ಮುಟ್ಟುವುದಿಲ್ಲ ನೀವು, ನನಗೆ ಗೊತ್ತು.

ನನ್ನ ಮತ ನಾಲ್ಕನೆಯದಕ್ಕೆ. ಅತ್ತೆ ಇರಲಿ, ಆದರೆ ಅವಳನ್ನು ಸುಮತಿಗೆ ಗಂಟು ಹಾಕಿ. ಡಿಕನ್ಸ್‌ನ ಮೊದಲ ಕಾದಂಬರಿ 1836ರಲ್ಲಿ ತಿಂಗಳ ಕಂತಾಗಿ ಬರಲು ಶುರುವಾದಾಗ ನೂರರ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು. ನಾಲ್ಕನೇ ಕಂತಿನಲ್ಲಿ ಛತ್ರವೊಂದರಲ್ಲಿ ಬೂಟು ಉಜ್ಜುವ ಸ್ಯಾಮ್ ವೆಲ್ಲರ್ ಅನ್ನುವ ಹುಡುಗ ಬಂದ, ಜನ ಮುಗಿಬಿದ್ದರು, ಕೊನೆಯ ಹೊತ್ತಿಗೆ ಮಾರಾಟ 40,000ಕ್ಕೆ ಹೋಯಿತು. ಡಿಕನ್ಸ್ ಅವನನ್ನು ಕತ್ತರಿಸಲಿಲ್ಲ, ನಾಯಕನನ್ನು ತೆಗೆದು ಅವನನ್ನು ಕೂರಿಸಲೂ ಇಲ್ಲ. ನಾಯಕನ ಮನೆಯಾಳು ಮಾಡಿದ. ಇಬ್ಬರೂ ಒಟ್ಟಿಗೆ ಓಡಾಡಬೇಕಾಯಿತು, ಹುಡುಗನ ಜೊತೆ ಸೇರಿ ಸಪ್ಪೆ ಯಜಮಾನನಿಗೂ ಬಣ್ಣ ಬಂತು. ನಮ್ಮಲ್ಲಿ ಕುವೆಂಪು ಇನ್ನೂ ಮುಂದೆ ಹೋದರು. 1967ರ ಮದುಮಗಳು ಕಾದಂಬರಿಯ ಆರಂಭದಲ್ಲೇ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಸಾರಿ, ನಾಯಿಗೂ ಪಾಲು ಕೊಟ್ಟರು. ಅದು ಅವರಿಗೆ ದಕ್ಕಿತು. ಮೊದಲ ಕಾದಂಬರಿಯಲ್ಲಿ ನಾವು ಅಷ್ಟು ದೊಡ್ಡ ಗದ್ದೆಗೆ ಇಳಿಯುವುದು ಬೇಡ.

ಗಂಟು ಹಾಕುವುದು ಹೇಗೆ? ನಿಮ್ಮ ಎರಡನೇ ಅಧ್ಯಾಯದಲ್ಲೇ ಇದೆ, ನೀವು ಮರೆತ ಹಾಗಿದೆ. ಗಂಡನ ಮನೆಯಲ್ಲಿ ಜಗಳ ಶುರುವಾದಾಗ ಸುಮತಿ ತನ್ನ ಒಡವೆ ತಂದು ಅತ್ತೆಯ ಕೈಗೆ ಕೊಟ್ಟಿದ್ದಳು. ಒಂದು ಸಾಲು ಬರೆದು ಬಿಟ್ಟಿದ್ದೀರಿ. ಆ ಒಡವೆ ಈಗ ಎಲ್ಲಿದೆ? ಭಟ್ಟಿ ಉಳಿಸಿಕೊಳ್ಳಲು ಅತ್ತೆ ಅದನ್ನು ಅಡ ಇಟ್ಟಿದ್ದರೆ? ಮಗನಿಗೆ ಹೇಳದೆ, ಸುಮತಿಗೂ ಹೇಳದೆ? ಸುಮತಿಗೆ ಸ್ವಂತ ಮನೆ ಮಾಡಲು ಈಗ ಅದೇ ಬೇಕು. ಕೇಳಲು ಬಾಯಿ ಬರುವುದಿಲ್ಲ, ಕೇಳದೆ ಇರಲೂ ಆಗುವುದಿಲ್ಲ. ಅತ್ತೆ ದಿನಾ ಗಾದೆ ಹೇಳುತ್ತಾ ಆ ಮಾತನ್ನು ದಾಟಿಸುತ್ತಿದ್ದಾಳೆ. ಆಗ "ಕಾಸಿಗೆ ತಕ್ಕ ಕಜ್ಜಾಯ" ಅಂದರೆ ನಗು ಬರುವುದಿಲ್ಲ, ಹೊಟ್ಟೆಯಲ್ಲಿ ಏನೋ ಆಗುತ್ತದೆ. ಸುಮತಿಯೂ ಕಿಟಕಿ ಬಿಟ್ಟು ಬಸ್ ಹತ್ತಬೇಕಾಗುತ್ತದೆ, ಅತ್ತೆಯ ಟ್ರಂಕು ತೆಗೆದು ನೋಡಬೇಕಾಗುತ್ತದೆ, ಕದ್ದು ನೋಡಿದ್ದಕ್ಕೆ ನಾಚಿಕೆ ಪಡಬೇಕಾಗುತ್ತದೆ. ಇದು ಉದಾಹರಣೆ ಅಷ್ಟೇ, ಇದನ್ನೇ ಬರೆಯಿರಿ ಅಂತಲ್ಲ. ಈ ದಾರಿಯಲ್ಲೂ ಒಂದು ಅಪಾಯ ಇದೆ. ಅತ್ತೆ ಮೋಸ ಮಾಡಿದಳು ಅಂತ ಗೊತ್ತಾದಾಗ ಕೆಲವು ಓದುಗರಿಗೆ ಅವಳು ಇಷ್ಟವಾಗದೆ ಹೋಗಬಹುದು. ಹೋಗಲಿ ಬಿಡಿ.

ಭಟ್ಟಿ ಮಾರುವ ಅಧ್ಯಾಯ. ಎಂಟು ತಿಂಗಳು ನಿಂತಿದೆ ಅಂದಿರಿ. ನಿಮ್ಮ ಜಿಲ್ಲೆಯ ತ.ರಾ.ಸು. ಅವರಿಗೆ ದುರ್ಗದ ಮೇಲೆ, ಮದಕರಿನಾಯಕನ ಮೇಲೆ ಎಂಥ ಮೋಹ ಇತ್ತು ಅಂತ ಅವರ ಪುಸ್ತಕ ತೆರೆದ ಯಾರಿಗಾದರೂ ಗೊತ್ತಾಗುತ್ತದೆ. ಆದರೆ 1779ರಲ್ಲಿ ಕೋಟೆ ಬಿದ್ದಿದೆ. ಅದನ್ನು ಬದಲಿಸುವ ಹಾಗಿಲ್ಲ. ಓದುಗರಿಗೂ ಕೊನೆ ಗೊತ್ತು. ಅಷ್ಟು ಪ್ರೀತಿಯಿಂದ ಕಟ್ಟಿದ್ದು ಬೀಳುವುದನ್ನೇ ಅವರು ಬರೆದರು. ಅವರು ತೀರಿಕೊಂಡ ಮೇಲೆ, 1985ರಲ್ಲಿ, ದುರ್ಗಾಸ್ತಮಾನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮಗೆ ಇತಿಹಾಸದ ಕಟ್ಟು ಇಲ್ಲ, ಬೇಕಾದರೆ ಭಟ್ಟಿ ಉಳಿಸಬಹುದು. ಆದರೆ ಉಳಿಸಿದರೆ ಐದನೇ ಅಧ್ಯಾಯದಲ್ಲಿ ಅರ್ಧ ಹಿಡಿ ವಾಪಸ್ ತೆಗೆದುಕೊಂಡಳಲ್ಲ, ಅದಕ್ಕೆ ಬೆಲೆ ಇರುವುದಿಲ್ಲ. ಹಿಡಿ ಹಿಡಿ ಲೆಕ್ಕ ಇಟ್ಟು ಉಳಿಸಿಕೊಂಡಿದ್ದು ಒಂದೇ ಸಹಿಯಲ್ಲಿ ಹೋಗಬೇಕು.

ಬರೆಯಲು ಆಗದಿದ್ದರೆ ಒಂದು ಉಪಾಯ ಇದೆ. ಮಾರಾಟದ ದಿನವನ್ನು ಈಗ ಮುಟ್ಟಬೇಡಿ, ಮಾರನೇ ದಿನ ಬರೆಯಿರಿ. ಅಭ್ಯಾಸದ ಮೇಲೆ ಬೆಳಗಿನ ಜಾವ ಎದ್ದಿದ್ದಾಳೆ, ಹಚ್ಚಲು ಒಲೆ ಇಲ್ಲ. ಏನು ಮಾಡುತ್ತಾಳೆ? ಅದು ಸಿಕ್ಕಿದರೆ ಹಿಂದಿನ ದಿನ ತಾನಾಗಿ ಬರುತ್ತದೆ. ನನ್ನ ಅನುಭವದಲ್ಲಿ ಎರಡು ಸಲ ಹೀಗೆ ಆಗಿದೆ, ಒಂದು ಸಲ ಹಿಂದಿನ ದಿನವನ್ನು ಬರೆಯುವ ಅಗತ್ಯವೇ ಬೀಳಲಿಲ್ಲ.

ಇನ್ನು ನಿಜವಾದ ಅತ್ತೆ. "ಎಲ್ಲ ಪಾತ್ರಗಳೂ ಕಾಲ್ಪನಿಕ" ಅಂತ ಮೊದಲ ಪುಟದಲ್ಲಿ ಹಾಕಿದರೆ ಸಾಕು ಅಂತ ತುಂಬ ಜನ ನಂಬಿದ್ದಾರೆ. ಸಾಲದು. ಹೆಸರು, ಊರು, ಕೆಲಸ, ಸಂಸಾರ ಎಲ್ಲ ಒಬ್ಬರದೇ ಆಗಿ, ಮಾನ ಹೋಗುವಂಥದ್ದನ್ನು ಬರೆದರೆ ಆ ಸಾಲು ನಿಮ್ಮನ್ನು ಕಾಯುವುದಿಲ್ಲ. ಮಾನಹಾನಿ ಇವತ್ತಿಗೂ ಅಪರಾಧ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 356ನೇ ಕಲಂ. ಅಂಥ ಪ್ರಸಂಗ ಏನಾದರೂ ಇದ್ದರೆ ಅಚ್ಚಿಗೆ ಕೊಡುವ ಮೊದಲು ವಕೀಲರೊಬ್ಬರಿಗೆ ಓದಲು ಕೊಡಿ. ಆದರೆ ನೀವು ಹೆದರುತ್ತಿರುವುದು ಕೋರ್ಟಿಗಲ್ಲ, ಮುಂದಿನ ದುಗ್ಗಮ್ಮನ ಜಾತ್ರೆಗೆ ಊಟಕ್ಕೆ ಹೋದಾಗ ಅತ್ತೆ ಮುಖ ತಿರುಗಿಸಿದರೆ ಅಂತ.

ನಾನು ಕಂಡುಕೊಂಡ ಸಂಗತಿ ಇಷ್ಟು. ಜನ ತಮ್ಮ ಸ್ವಭಾವವನ್ನು ಗುರುತಿಸಿಕೊಳ್ಳುವುದೇ ಇಲ್ಲ, ತಮ್ಮ ಮನೆಯ ಸಾಮಾನು ಗುರುತಿಸುತ್ತಾರೆ. ಜಿಪುಣರಿಗೆ ಜಿಪುಣನ ಪಾತ್ರ ತೋರಿಸಿ, ಪಕ್ಕದ ಮನೆಯವನನ್ನು ಹೆಸರಿಸುತ್ತಾರೆ. ಹಸಿರು ಟ್ರಂಕು, ಸೊಟ್ಟಗಿರುವ ತಕ್ಕಡಿ, ಮಗನ ಮದುವೆಯಲ್ಲಿ ಆದ ಜಗಳ ಬರೆದರೆ ಮಾತ್ರ ಸಿಕ್ಕಿಬಿದ್ದಿರಿ. ಅದಕ್ಕೆ ಅತ್ತೆಯ ಸ್ವಭಾವ ಇಟ್ಟುಕೊಳ್ಳಿ, ಸಾಮಾನು ಬದಲಿಸಿ. ಮಗನ ಬದಲು ಅಳಿಯ ಮಾರಲಿ. ನಡಿಗೆ ಇನ್ನೊಬ್ಬರದು ತನ್ನಿ, ನಗು ಮತ್ತೊಬ್ಬರದು. ಭಟ್ಟಿ ಮಾತ್ರ ಬಿಡಬೇಡಿ, ಅದು ನಿಮ್ಮ ಕಾದಂಬರಿಯ ಜೀವ. ದಾವಣಗೆರೆಯಲ್ಲಿ ಭಟ್ಟಿ ನಡೆಸುವವರು ಒಬ್ಬರೇನಾ? ಮೊದಲೇ ಹೇಳಬೇಕಾ, ಬೇಡವಾ ಅಂತ ಕೇಳಿದ್ದೀರಿ. ಬರೆದು ಮುಗಿಯುವ ತನಕ ಹೇಳಬೇಡಿ. ಹೇಳಿದ ದಿನದಿಂದ ಅವರು ನಿಮ್ಮ ಪಕ್ಕದಲ್ಲೇ ಕೂತು ಬರೆಸುತ್ತಾರೆ. ಮುಗಿದ ಮೇಲೆ, ಅಚ್ಚಿಗೆ ಮೊದಲು, ನೀವೇ ಹೋಗಿ ಓದಿ ಹೇಳಿ.

ಹೆಸರು ಮಾತ್ರ ಇವತ್ತೇ ಬದಲಿಸಿ. ಹೆಸರು ಬದಲಾದ ವಾರದಲ್ಲೇ ಪಾತ್ರ ನಿಜವಾದ ಅತ್ತೆಯಿಂದ ಒಂದು ಹೆಜ್ಜೆ ದೂರ ನಡೆಯುತ್ತದೆ, ಮಾರಾಟದ ಅಧ್ಯಾಯಕ್ಕೆ ಅದೂ ಸಹಾಯ ಆದೀತು. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಕಡೆ ಬದಲಿಸಲು ಹೋಗಬೇಡಿ, ಒಂದೊಂದಾಗಿ ನೋಡಿ ಬದಲಿಸಿ. ನಾನು ಒಮ್ಮೆ ರಾಮ ಅನ್ನುವ ಪಾತ್ರವನ್ನು ಹಾಗೆ ಸೋಮ ಮಾಡಿದ್ದೆ. ಕರಡು ತಿದ್ದುವವರು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ, "ಸರ್, 64ನೇ ಪುಟದಲ್ಲಿ ಎಲ್ಲರೂ 'ಆಸೋಮ'ವಾಗಿದ್ದಾರಲ್ಲ, ಇದು ನಮ್ಮ ಕಡೆ ಮಾತಾ?" ಅಂತ ಕೇಳಿದ್ದರು.